ಕಂಬದ ಕ್ಲಾಸಿಗೆ ಹೋಗಲೋ ಬೇಡವೋ

ಭಾನುವಾರದ ಪೇಪರು ಬಿಚ್ಚಿದರೆ ಒಳಗಿಂದ ಏನಾದರೊಂದು ಜಾರಿ ಬೀಳುವುದು ನಮ್ಮ ಹುಣಸೂರಿನಲ್ಲಿ ಮಾಮೂಲು. ಸೀರೆ ಅಂಗಡಿಯ ಆಷಾಢದ ರಿಯಾಯಿತಿ, ಮೂಲವ್ಯಾಧಿಗೆ ಕೊಯ್ಯದೆ ಚಿಕಿತ್ಸೆ, ಬೋರ್‌ವೆಲ್ಲು, ಟ್ಯೂಷನ್ನು. ನಾನು ಇವನ್ನು ಎಸೆಯುವವಳಲ್ಲ. ಹಿಂಬದಿ ಖಾಲಿ ಇದ್ದರೆ ಶಾಲೆಯ ಕಿರುಪರೀಕ್ಷೆಗೆ ಪ್ರಶ್ನೆ ಬರೆದುಕೊಳ್ಳಲು ಇಟ್ಟುಕೊಳ್ಳುತ್ತೇನೆ. ಹೈಸ್ಕೂಲು ಮೇಡಂಗಳ ಜಿಪುಣತನ ನಿಮಗೆ ಗೊತ್ತಲ್ಲ. ಆದರೆ ಆವತ್ತು ಬಿದ್ದದ್ದು ಎರಡೂ ಬದಿ ಬಣ್ಣ ತುಂಬಿದ ನುಣುಪು ಕಾಗದ, ಪ್ರಶ್ನೆ ಬರೆಯಲು ಉಪಯೋಗವಿಲ್ಲದ್ದು. ಅದರಲ್ಲೊಬ್ಬ ಹೆಂಗಸು ನೆಲದಿಂದ ಸೂರಿನವರೆಗೆ ನಿಂತ ಉಕ್ಕಿನ ಕಂಬಕ್ಕೆ ತೊಡೆಯನ್ನು ಕಚ್ಚಿಸಿ ತಲೆಕೆಳಗಾಗಿ ನೇತಾಡುತ್ತಿದ್ದಳು. ಎರಡೂ ಕೈ ಬಿಟ್ಟಿದ್ದಳು. ಸಾಲದ್ದಕ್ಕೆ ನಗುತ್ತಿದ್ದಳು. ‘ಮಹಿಳೆಯರ ಫಿಟ್‌ನೆಸ್‌ಗಾಗಿ ಪೋಲ್ ಡ್ಯಾನ್ಸ್ ತರಗತಿ, ಮೈಸೂರಿನಲ್ಲಿ ಪ್ರಥಮ ಬಾರಿಗೆ’ ಎಂದು ಕೆಳಗೆ ಅಚ್ಚಾಗಿತ್ತು.

ನಮ್ಮ ಯಜಮಾನರು ಕರೆಂಟ್ ಆಫೀಸಿನವರು. ಕಂಬ ಅಂದರೆ ಅವರಿಗೆ ಕೆಲಸದ ವಿಷಯ. ಕನ್ನಡಕ ಹಣೆಗೇರಿಸಿ ನೋಡಿದರು.

“ಇದೇನೆ ಇದು, ಕಾಸು ಕೊಟ್ಟು ಕಂಬ ಹತ್ತಾದು ಕಲೀತಾರಾ? ನಮ್ ಲೈನ್‌ಮನ್ನುಗಳು ಸಂಬಳ ಕೊಟ್ರೂ ಹತ್ತಕಿಲ್ಲ ಅಂತವೆ!”

ಅವರು ನಕ್ಕರು, ನಾನೂ ನಕ್ಕೆ. ನಕ್ಕು ಆ ಕಾಗದವನ್ನು ಮಡಿಸಿ ಅಡುಗೆಮನೆಯ ಸಾಸಿವೆ ಡಬ್ಬಿಯ ಹಿಂದೆ ಇಟ್ಟೆ. ಈಗ ನೀವೂ ನಗಬಹುದು. ನಲವತ್ತರ ಹತ್ತಿರದವಳು, ಸಮಾಜ ವಿಜ್ಞಾನ ಪಾಠ ಮಾಡುವವಳು, ಮೆಟ್ಟಿಲು ಹತ್ತುವಾಗ ಮಂಡಿ ಹಿಡಿದು ‘ಅಮ್ಮಾ’ ಅನ್ನುವವಳು ಕಂಬಕ್ಕೆ ನೇತುಬೀಳುವ ಯೋಚನೆ ಮಾಡಿದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಹೊಟ್ಟೆ ಅಂದೆನಲ್ಲ, ಅಲ್ಲಿಂದಲೇ ಹೇಳಬೇಕು. ಮೂವತ್ತೈದು ತುಂಬುವ ಮೊದಲೇ ನನ್ನ ಗರ್ಭಕೋಶ ತೆಗೆದರು. ಮುಟ್ಟಿನ ರಕ್ತ ಜಾಸ್ತಿ ಹೋಗುತ್ತಿದ್ದದ್ದು ನಿಜ. ಔಷಧಿಯಲ್ಲಿ ನೋಡೋಣ ಎಂದು ಯಾರೂ ಹೇಳಲಿಲ್ಲ. ಆಸ್ಪತ್ರೆಯ ವರಾಂಡದಲ್ಲಿ ಯಜಮಾನರು, ನನ್ನತ್ತೆ, ಡಾಕ್ಟರು ನಿಂತು ಮಾತಾಡಿಕೊಂಡರು. ನಾನು ಒಳಗೆ ಮಂಚದ ಮೇಲೆ ಕೂತು ಕಿತ್ತಳೆಹಣ್ಣು ಸುಲಿಯುತ್ತಿದ್ದೆ. “ಎರಡು ಮಕ್ಕಳು ಆಗವಲ್ಲ ಸ್ವಾಮಿ, ಇನ್ನ್ ಅದನ್ನ ಮಡಿಕಂಡು ಏನ್ ಮಾಡಾದು, ತೆಗೆದಾಕ್ ಬುಡಿ” ಎಂದು ಅತ್ತೆ ಹೇಳಿದ್ದು ಕಿಟಕಿಯಿಂದ ಕೇಳಿಸಿತು. ಹಿತ್ತಿಲ ಹಳೇ ಒರಳುಕಲ್ಲಿನ ವಿಷಯದಲ್ಲೂ ಅವರು ಅದೇ ಮಾತು ಆಡಿದ್ದರು. ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಹಣ್ಣು ತಿಂದು ಕೈ ಒರೆಸಿಕೊಂಡೆ.

ಅದಾದ ಮೇಲೆ ಮೈ ಊದಿತು. ಮಂಡಿ ಹಿಡಿಯಿತು. ಮೈಸೂರಿನ ಡಾಕ್ಟರಮ್ಮ ಒಬ್ಬರು, “ಕೂತು ಕೂತು ಹೀಗಾಗಿದೀರಿ, ಏನಾದ್ರೂ ವ್ಯಾಯಾಮ ಮಾಡಿ” ಎಂದರು. ಮಾಡಿದೆನಲ್ಲ! ಪಕ್ಕದ ಮನೆಯ ಶಾರದಕ್ಕನ ಜೊತೆ ಬೆಳಗಿನ ವಾಕಿಂಗ್ ಮಾಡಿದೆ. ಸೀರೆಯ ಕೆಳಗೆ ಕ್ಯಾನ್ವಾಸ್ ಶೂ, ಮೇಲೆ ಸ್ವೆಟರು, ತಲೆಗೆ ಮಫ್ಲರು. ಶಾರದಕ್ಕನಿಗೆ ಮುಖ್ಯ ವಿಷಯ ಬಂದರೆ ನಿಂತೇ ಮಾತಾಡಬೇಕು. ಅವರಿಗೆ ಎಲ್ಲವೂ ಮುಖ್ಯ ವಿಷಯ. ಹಾಗಾಗಿ ನಮ್ಮದು ವಾಕಿಂಗಿಗಿಂತ ನಿಲ್ಲುವುದೇ ಹೆಚ್ಚಾಯಿತು. ಕಲ್ಯಾಣಮಂಟಪದ ಯೋಗ ಶಿಬಿರಕ್ಕೂ ಹೋದೆ. ಶವಾಸನದಲ್ಲಿ ಗೊರಕೆ ಹೊಡೆದು ಶಿಬಿರಕ್ಕೇ ಪ್ರಸಿದ್ಧಳಾದೆ. ಹುರುಳಿ ಬೇಯಿಸಿದ ಕಟ್ಟು ಕುಡಿದರೆ ಬೊಜ್ಜು ಕರಗುತ್ತದೆ ಎಂದರು. ಅಷ್ಟು ಒಳ್ಳೆಯ ಕಟ್ಟನ್ನು ಬರೀ ಕುಡಿಯಲು ಮನಸ್ಸು ಬರದೆ ಬಸ್ಸಾರು ಮಾಡಿ ಒಂದು ಮುದ್ದೆ ಹೆಚ್ಚಿಗೆ ಉಂಡೆ.

ತಮಾಷೆ ಸಾಕು. ಒಂದು ಮಾತು ನೇರವಾಗಿ ಹೇಳಿಬಿಡುತ್ತೇನೆ. ಬೆಳಿಗ್ಗೆ ಎಚ್ಚರವಾದಾಗ ಏಳಲು ಮನಸ್ಸಾಗುತ್ತಿರಲಿಲ್ಲ. ಈ ಮೈಯಿಂದ ಇನ್ನು ಹೊಸದಾಗಿ ಏನೂ ಆಗುವುದಿಲ್ಲ, ಸೀರೆ ಸುತ್ತಿಸಿಕೊಂಡು ಶಾಲೆಗೆ ಹೋಗಿ ಬರುವುದಷ್ಟೇ ಇದರ ಪಾಲಿಗೆ ಉಳಿದದ್ದು ಎಂದು ಅನಿಸಿ ಕಣ್ಣೀರು ಬರುತ್ತಿತ್ತು. ಕಾರಣ ಕೇಳಿದರೆ ಹೇಳಲು ಕಾರಣ ಇರುತ್ತಿರಲಿಲ್ಲ. ಮಕ್ಕಳು ಚೆನ್ನಾಗಿದ್ದರು, ಯಜಮಾನರು ಕೆಟ್ಟವರಲ್ಲ, ಕೆಲಸ ಇತ್ತು. ಒಗ್ಗರಣೆಗೆ ಸಾಸಿವೆ ತೆಗೆಯುವಾಗೆಲ್ಲ ಆ ತಲೆಕೆಳಗಾದ ಹೆಂಗಸನ್ನು ನೋಡುತ್ತಿದ್ದೆ. ಅವಳ ಸೊಂಟ ನೋಡಿ ಹೊಟ್ಟೆಕಿಚ್ಚು ಪಡಲಿಲ್ಲ, ಅಷ್ಟು ದುರಾಸೆ ನನಗಿಲ್ಲ. ಆ ತೊಡೆಯ ಹಿಡಿತವನ್ನು ನೋಡುತ್ತಿದ್ದೆ. ಅದು ನನಗೆ ಗೊತ್ತಿದ್ದ ಹಿಡಿತ.

ನನ್ನ ತವರು ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರಿನ ಹತ್ತಿರದ ಹಳ್ಳಿ. ಹೊಗೆಸೊಪ್ಪಿನ ಸೀಮೆ. ಹೊಲದಿಂದ ಮುರಿದು ತಂದ ಹಸಿರು ಎಲೆಯನ್ನು ಬೇಯಿಸಿ ಒಣಗಿಸುವ ಎತ್ತರದ ಮನೆಗೆ ನಮ್ಮ ಕಡೆ ಬ್ಯಾರನ್ ಅನ್ನುತ್ತಾರೆ. ಒಳಗೆ ಕೋಣೆಯೂ ಇಲ್ಲ, ಅಟ್ಟವೂ ಇಲ್ಲ. ಗೋಡೆಯಿಂದ ಗೋಡೆಗೆ ಅಡ್ಡಗಳಗಳು, ಕೆಳಗಿನಿಂದ ಸೂರಿನವರೆಗೆ ಸಾಲುಸಾಲಾಗಿ. ಹೆಂಗಸರು ನೆರಳಲ್ಲಿ ಕೂತು ಎಲೆಗಳನ್ನು ಉದ್ದನೆಯ ಕಡ್ಡಿಗಳಿಗೆ ದಾರದಿಂದ ಕಟ್ಟಿ ಕೊಡುತ್ತಾರೆ. ಒಳಗಿನವರು ಒಬ್ಬರ ಮೇಲೊಬ್ಬರು ಗಳಗಳ ಮೇಲೆ ಕಾಲು ಅಗಲಿಸಿ ನಿಂತು, ಕಡ್ಡಿಗಳನ್ನು ಕೈಯಿಂದ ಕೈಗೆ ಮೇಲೆ ಸಾಗಿಸಿ ತೂಗುಹಾಕುತ್ತಾರೆ. ತುಂಬಿದ ಮೇಲೆ ಬಾಗಿಲು ಮುಚ್ಚಿ ಹೊರಗಿನ ಒಲೆಗೆ ಬೆಂಕಿ. ತೀರಾ ಮೇಲಿನ ಸಾಲಿಗೆ ಹಗುರದವರು ಬೇಕು. ನಮ್ಮ ಮನೆಯಲ್ಲಿ ಆ ಹಗುರದವಳು ನಾನು.

ಈಗ ನಂಬುವುದು ಕಷ್ಟ ಬಿಡಿ, ನನಗೇ ಕಷ್ಟ. ಲಂಗವನ್ನು ಕಚ್ಚೆಯಂತೆ ಸಿಕ್ಕಿಸಿಕೊಂಡು ಹತ್ತಿದರೆ ಹೆಂಚು ತಲೆಗೆ ತಾಗುತ್ತಿತ್ತು. ಎರಡು ಕೈಗೂ ಕಡ್ಡಿ. ಗಳಕ್ಕೆ ತೊಡೆ ಕಚ್ಚಿಸಿ ಬಗ್ಗಿ ಕಡ್ಡಿ ಈಸಿಕೊಳ್ಳಬೇಕು. ಎಲೆಯ ಅಂಟು ಕೈಗೆ ಹತ್ತಿ ಕಪ್ಪಾಗಿ, ಎಷ್ಟು ಉಜ್ಜಿದರೂ ಹೋಗದೆ ಅನ್ನವೆಲ್ಲ ಕಹಿಯಾಗುತ್ತಿತ್ತು. ತಾತ ಕೆಳಗಿನಿಂದ ತಲೆಯೆತ್ತಿ ನೋಡಿ, “ಈ ಮಗೀಗೆ ಕೋತಿ ಕಾಲು ಕಣ್ರಲಾ, ಬೀಳಾಕಿಲ್ಲ ಬುಡಿ” ಎಂದು ಗಂಡಾಳುಗಳಿಗೆ ಹೇಳುತ್ತಿದ್ದರು. ಆಮೇಲೆ ಓದಿದೆ, ಕೆಲಸ ಸಿಕ್ಕಿತು, ಒಳ್ಳೆಯ ಮೇಡಂ ಅನ್ನಿಸಿಕೊಂಡೆ. ಆ ಕೋತಿ ಕಾಲಿನಷ್ಟು ಹೆಮ್ಮೆ ಯಾವುದೂ ಕೊಡಲಿಲ್ಲ.

ದೊಡ್ಡವಳಾದ ಹೆಣ್ಣು ಬ್ಯಾರನ್ ಒಳಗೆ ಕಾಲಿಟ್ಟರೆ ಸೊಪ್ಪು ಕಪ್ಪಾಗುತ್ತದೆ ಎಂಬುದು ನಮ್ಮ ಮನೆಯ ನಂಬಿಕೆ. ಬೇರೆ ಊರಿನಲ್ಲಿ ಹೇಗೋ ಕಾಣೆ. ಅದೇ ಎಲೆಯನ್ನು ಹೊಲದಲ್ಲಿ ಮುರಿಯುವವರು ಹೆಂಗಸರು, ಹೊರುವವರು, ಕಟ್ಟುವವರು, ಬೆಂದ ಮೇಲೆ ಬಣ್ಣ ನೋಡಿ ವಿಂಗಡಿಸುವವರೂ ಹೆಂಗಸರೇ. ಅಲ್ಲೆಲ್ಲ ಕಪ್ಪಾಗದ ಎಲೆ ಬಾಗಿಲು ದಾಟಿದೊಡನೆ ಹೇಗೆ ಕಪ್ಪಾಗುತ್ತದೆ ಎಂದು ಯಾರೂ ಕೇಳಿರಲಿಲ್ಲ. ಏಳನೇ ಕ್ಲಾಸಿನಲ್ಲಿದ್ದಾಗ, ಎಲೆ ತುಂಬಿ ಮುಗಿದ ಒಂದು ಸಂಜೆ, ಅವ್ವ ನನ್ನನ್ನು ಹಿತ್ತಿಲಿಗೆ ಕರೆದು “ನೀನು ದೊಡ್ಡೋಳಾಗಿದ್ದೀಯ” ಎಂದರು. ಸೋದರಮಾವ ಬಂದು ಹಸಿರು ಸೊಪ್ಪಿನ ಗುಡ್ಲು ಹಾಕಿದರು. ಅದರೊಳಗೆ ಕೂರಿಸಿ ಎಳ್ಳಿನ ಚಿಗಳಿ, ಕೊಬ್ಬರಿ, ತುಪ್ಪ ತಿನ್ನಿಸಿದರು. ಮುಂದಿನ ಸಲ ಬ್ಯಾರನ್ ತುಂಬುವಾಗ ನಾನು ಹೆಂಗಸರ ಜೊತೆ ನೆರಳಲ್ಲಿ ಕೂತು ಎಲೆ ಕಟ್ಟುತ್ತಿದ್ದೆ. ಅಲ್ಲಿಂದ ಸ್ಕೂಲಿನ ಬೆಂಚು, ಕಾಲೇಜಿನ ಬೆಂಚು, ಹಸೆಮಣೆ, ಸ್ಟಾಫ್ ರೂಮಿನ ಕುರ್ಚಿ. ಕೂತು ಕೂತು ಹೀಗಾಗಿದೀರಿ ಎಂದು ಡಾಕ್ಟರಮ್ಮ ಅಂದದ್ದರಲ್ಲಿ ತಪ್ಪೇನಿಲ್ಲ.

ಒಂದು ದಿನ ಧೈರ್ಯ ಮಾಡಿ, ಆ ಕಾಗದದಲ್ಲಿದ್ದ ನಂಬರಿಗೆ ಫೋನು ಮಾಡಿದೆ. ಕಲಿಸುವವಳು ದೇಚಮ್ಮ ಎಂಬ ಕೊಡಗಿನ ಹುಡುಗಿ.

“ಬನ್ನಿ ಆಂಟಿ, ಒಮ್ಮೆ ಬಂದು ಹಿಡಿದು ನೋಡಿ. ಆದರೆ ಚೂಡಿದಾರ್ ಆಗುವುದಿಲ್ಲ. ಬಟ್ಟೆ ಜಾರುತ್ತದೆ. ಚರ್ಮಕ್ಕೆ ಮಾತ್ರ ಹಿಡಿತ ಸಿಗುವುದು. ಶಾರ್ಟ್ಸ್ ತನ್ನಿ. ಆವತ್ತು ಮೈಗೆ ಎಣ್ಣೆಗಿಣ್ಣೆ ಹಚ್ಚಬೇಡಿ.”

ಶಾರ್ಟ್ಸು! ಮದುವೆಯಾದ ಮೇಲೆ ನನ್ನ ಮಂಡಿಯನ್ನು ಬಿಸಿಲು ಕಂಡಿಲ್ಲ. ಯಾರಿಗಾದರೂ ಹೇಳದಿದ್ದರೆ ತಡೆಯುವಂತಿರಲಿಲ್ಲ, ಮಾರನೆಯ ದಿನ ವಾಕಿಂಗಿನಲ್ಲಿ ಶಾರದಕ್ಕನಿಗೆ ಹೇಳಿದೆ. ಇದು ನಿಜಕ್ಕೂ ಮುಖ್ಯ ವಿಷಯವಾದ್ದರಿಂದ ಅವರು ನಿಂತೇಬಿಟ್ಟರು.

“ಥೂ ಸುಸೀಲಾ! ಗಂಡುಸ್ರು ಇರಾಕಿಲ್ವಾ ಅಲ್ಲಿ?”

“ಇಲ್ವಂತೆ ಅಕ್ಕ. ಬರೀ ಹೆಂಗಸ್ರು.”

“ಅಂಗಾದ್ರೆ ಯಾರಿಗ್ ತೋರ್ಸಕೆ ಚಡ್ಡಿ?”

ನಾನು ಮುಂದೆ ನಡೆಯತೊಡಗಿದೆ. ಸ್ವಲ್ಪ ದೂರ ಬಂದ ಮೇಲೆ ಶಾರದಕ್ಕ ಮಫ್ಲರು ಸರಿಮಾಡಿಕೊಳ್ಳುತ್ತಾ ಮೆಲ್ಲಗೆ, “ಓದ್ರೆ ನಂಗೂ ಏಳು, ಎಂಗಿತ್ತು ಅಂತ” ಎಂದರು. ನಾನು ಹೂಂ ಅಂದೆ. ಆದರೂ ಹೋಗಲೋ ಬೇಡವೋ ತೀರ್ಮಾನವಾಗಲಿಲ್ಲ. ಇವತ್ತು ಹೋಗಬೇಕು ಅನಿಸಿದರೆ ನಾಳೆ ಬೇಡ ಅನಿಸುತ್ತಿತ್ತು. ಶಾಲೆಯ ಮಕ್ಕಳ ತಾಯಂದಿರು ಯಾರಾದರೂ ನೋಡಿದರೆ? ಕಂಬ ಮುರಿದುಬಿದ್ದರೆ?

ಅಷ್ಟರಲ್ಲಿ ಗೌರಿ ಹಬ್ಬ ಬಂತು, ತವರಿಗೆ ಹೋದೆ. ಬ್ಯಾರನ್ ತುಂಬುವ ಕಾಲ. ನನ್ನ ತಮ್ಮ ಒಳಗಿದ್ದ. ಅವ್ವ ಚಪ್ಪರದ ಕೆಳಗೆ ಕಾಲು ಚಾಚಿ ಕೂತು ಎಲೆ ಕಟ್ಟುತ್ತಿದ್ದರು. ನಾನೂ ಪಕ್ಕದಲ್ಲಿ ಕೂತು ನಾಲ್ಕು ನಾಲ್ಕು ಎಲೆ ಜೋಡಿಸಿ ಕೊಡುತ್ತಾ, ಸುಮ್ಮನೆ ಮಾತಿಗೆ ಕೇಳಿದೆ.

“ಅವ್ವ, ನಾನು ಕೊನೇ ಸಲ ಬ್ಯಾರನ್ ಹತ್ತಿದ್ದು ಗ್ಯಾಪ್ಕ ಐತಾ?”

“ಇಲ್ದೆ ಏನು. ನೀನು ದೊಡ್ಡೋಳಾದ ದಿನವೇ.”

“ಅದಕ್ಕೆ ಮೊದಲು ಅಲ್ವಾ? ಸೊಪ್ಪು ತುಂಬಿ ಆದ್ಮೇಲೆ ತಾನೆ ನೀನು ಹೇಳಿದ್ದು?”

ಅವ್ವ ದಾರ ಹಲ್ಲಿನಿಂದ ಕಚ್ಚಿ ಕಿತ್ತರು. “ಏಳಿದ್ದು ಸಂದೇಲಿ. ನಿನ್ ಲಂಗ ನಾನು ಬೆಳಿಗ್ಗೆನೇ ನೋಡಿದ್ದೆ. ನಿಂಗೇ ಗೊತ್ತಿರ್ನಿಲ್ಲ, ಮ್ಯಾಲೆ ಅತ್ತಿ ಕುಂತಿದ್ದೆ. ಅರ್ಧ ಬ್ಯಾರನ್ ತುಂಬೋಗಿತ್ತು. ಮ್ಯಾಲಕ್ಕೆ ಬ್ಯಾರೆ ಯಾರವ್ರೆ? ಇಳಿಸುದ್ರೆ ಎಲ್ಲಾರ್ಗೂ ಗೊತ್ತಾಗಿ, ತುಂಬಿದ್ದ ಸೊಪ್ಪೂ ಕೆಟ್ಟೋಯ್ತು ಅಂತ ರಾಮಾಯಣ ಮಾಡೋರು. ಸುಮ್ಕಿದ್ದೆ.”

ನನ್ನ ಕೈ ನಿಂತಿತು. “ಆ ಸೊಪ್ಪು ಏನಾಯ್ತು?”

“ಏನಾಯ್ತದೆ? ಆ ವರ್ಸ ಅಂತ ಸೊಪ್ಪು ಇನ್ನೊಂದು ಬರ್ನಿಲ್ಲ. ನಿಂಬೆಅಣ್ಣು ಇದ್ದಂಗಿತ್ತು ಬಣ್ಣ. ನಿಮ್ ತಾತ ಊರಿಗೆಲ್ಲ ತೋರ್ಸ್ಕಂಡ್ ಬಂದ್ರು.”

“ಮತ್ತೆ ಯಾಕವ್ವ ನನ್ನ ಇಳಿಸಿದ್ದು? ಏನೂ ಆಗಲ್ಲ ಅಂತ ನಿಂಗೆ ಗೊತ್ತಿತ್ತಲ್ಲ?”

ಅವ್ವ ನನ್ನ ಮುಖ ನೋಡಲಿಲ್ಲ. ಕಟ್ಟಿದ ಕಡ್ಡಿಯನ್ನು ಪಕ್ಕಕ್ಕಿಟ್ಟು ಇನ್ನೊಂದು ತೆಗೆದುಕೊಂಡರು. “ಏನಂತ ಏಳ್ಲಿ? ಮುಟ್ಟಾದ್ ಮಗೀನ ಒಳಗ್ ಬುಟ್ಟಿದ್ದೆ ಅಂತಲಾ? ಎಲ್ಲಾ ಎಣ್ಮಕ್ಳೂ ಇಳೀತವೆ. ನೀನೂ ಇಳಿದೆ. ನಾನೂ ಮರ ಅತ್ತಿದೋಳೇ ಅಲ್ವಾ? ನಮ್ಮಪ್ಪನ್ ಮನೇಲಿ ಉಣಸೆಮರದ್ ತುದೀಲಿ ಇರ್ತಿದ್ದೆ. ಬುಡು, ಎಲೆ ಕೊಡು.”

ಎಲೆ ಕೊಟ್ಟೆ. ಸಿಟ್ಟು ಬಂದಿತ್ತು. ಆದರೆ ಯಾರ ಮೇಲೆ ತೀರಿಸಿಕೊಳ್ಳುವುದು? ಬೆಳಗಿನಿಂದ ಸಂಜೆಯವರೆಗೆ ಎದೆಯಲ್ಲಿ ಅಷ್ಟು ಭಯ ಇಟ್ಟುಕೊಂಡು ನನಗೆ ಇನ್ನೊಂದು ದಿನ ಕೊಟ್ಟವರು ಅವರೇ, ಆಮೇಲೆ ಎಲ್ಲ ದಿನಗಳನ್ನೂ ಕಿತ್ತುಕೊಂಡವರೂ ಅವರೇ. ಆ ನಂಬಿಕೆ ಸುಳ್ಳು ಎಂದು ನನ್ನ ಮೈಯೇ ತೋರಿಸಿಕೊಟ್ಟಿತ್ತು, ನನಗೆ ಮಾತ್ರ ಗೊತ್ತಿರಲಿಲ್ಲ. ಇಷ್ಟು ವರ್ಷ ಸುಮ್ಮನೆ ಕೂತಿದ್ದೆ, ಸುಳ್ಳಿಗೆ. ವಾಪಸು ಬರುವ ಬಸ್ಸಿನಲ್ಲಿ, ಹೋಗುವುದೇ ಎಂದು ತೀರ್ಮಾನ ಮಾಡಿದೆ.

ಯಜಮಾನರಿಗೆ ಹೇಳಲಿಲ್ಲ. ಶನಿವಾರ ಬೆಳಗಿನ ಶಾಲೆ ಮುಗಿಸಿ ಮೈಸೂರಿನ ಬಸ್ಸು ಹತ್ತಿದೆ. ಬ್ಯಾಗಿನಲ್ಲಿ ಉತ್ತರಪತ್ರಿಕೆಗಳ ಕೆಳಗೆ ಮಗನ ಫುಟ್‌ಬಾಲ್ ಚಡ್ಡಿ ಇತ್ತು. ಸೊಂಟಕ್ಕೆ ಎಲಾಸ್ಟಿಕ್ ಇದ್ದದ್ದು ನನ್ನ ಪುಣ್ಯ. ಬಟ್ಟೆ ಬದಲಿಸುವ ಕೋಣೆಯಲ್ಲಿ ಆಳೆತ್ತರದ ಕನ್ನಡಿ. ನಮ್ಮ ಮನೆಯ ಕನ್ನಡಿ ಕುಂಕುಮ ಇಡುವಷ್ಟು ದೊಡ್ಡದು. ನನ್ನ ಕಾಲುಗಳನ್ನು ಒಟ್ಟಿಗೆ ನೋಡಿ ಎಷ್ಟು ವರ್ಷವಾಗಿತ್ತೋ. ಬೆಳ್ಳಗೆ, ದಪ್ಪಗೆ, ನೀಲಿ ನರಗಳು ಎದ್ದು, ಯಾರದೋ ಅನಿಸಿದವು. ಅಲ್ಲೇ ಸೀರೆ ಉಟ್ಟುಕೊಂಡು ಓಡಿಬಿಡೋಣ ಅನಿಸಿತು. ಹೊರಗೆ ಕಾಲೇಜು ಹುಡುಗಿಯರು ನಗುತ್ತಿದ್ದರು, ನನ್ನನ್ನು ನೋಡಿ ಅಲ್ಲ, ತಮ್ಮ ಪಾಡಿಗೆ ತಾವು. ನಾನು ಹೊರಗೆ ಬಂದಾಗಲೂ ಅವರು ತಿರುಗಿ ನೋಡಲಿಲ್ಲ. ಅದಕ್ಕೂ ಬೇಜಾರಾಯಿತು, ನೋಡಿ ನನ್ನ ಬುದ್ಧಿ.

ದೇಚಮ್ಮ ಕಂಬವನ್ನು ಒರೆಸಿ, ಹೇಗೆ ಕೈ ಹಿಡಿಯಬೇಕು, ಯಾವ ಕಾಲು ಮೊದಲು, ಎಲ್ಲಿ ಒತ್ತಬೇಕು ತೋರಿಸಿಕೊಟ್ಟಳು. ಮೊದಲ ಸಲ ಜಾರಿದೆ. ಆಮೇಲೆಯೂ ಜಾರಿದೆ. ಕೈ ಬೆವರಿತು. “ಸಾಕು ಆಂಟಿ, ಕೂತು ಸುಧಾರಿಸಿಕೊಳ್ಳಿ” ಎಂದಳು ಆ ಹುಡುಗಿ. ಕೂರು ಅಂದದ್ದಕ್ಕೋ ಏನೋ, ರೇಗಿ ಹೋಯಿತು. ಕಂಬಕ್ಕೆ ಅಂಗೈ ಬಿಗಿದು, ಒಳತೊಡೆಯನ್ನು ಒತ್ತಿ, ಇನ್ನೊಂದು ಕಾಲನ್ನು ನೆಲದಿಂದ ಎತ್ತಿದೆ. ಚರ್ಮ ಉರಿಯಿತು. ತೊಡೆ ಕಚ್ಚಿಕೊಂಡಿತು. ಅದಕ್ಕೆ ಇನ್ನೂ ನೆನಪಿತ್ತು! ಒಂದು ಗೇಣಾದರೂ ಮೇಲೆ ಹೋಗಿದ್ದೆ, ಎರಡೂ ಪಾದಗಳು ಗಾಳಿಯಲ್ಲಿದ್ದವು. ಭಾರ ನನ್ನದೇ, ಹೊತ್ತವಳೂ ನಾನೇ. ಅಳು ಬಂತು, ಸಂತೋಷಕ್ಕೆ.

ಆಗ ಕೆಳಹೊಟ್ಟೆಯಲ್ಲಿ ಏನೋ ಚಳಕ್ಕೆಂದಿತು. ಇಳಿದು ಹೊಟ್ಟೆ ಹಿಡಿದುಕೊಂಡು ಕೂತೆ.

“ಆಂಟಿ, ಆಪರೇಷನ್ ಏನಾದರೂ ಆಗಿದೆಯಾ ನಿಮಗೆ?” ದೇಚಮ್ಮನ ಮುಖದಲ್ಲಿ ಗಾಬರಿ. ಹೂಂ ಎಂದೆ. “ಹಾಗಾದರೆ ಡಾಕ್ಟರನ್ನು ಕೇಳಿಕೊಂಡು ಬನ್ನಿ. ನಾನು ಕಾಯುತ್ತೇನೆ.”

ನೋವು ನಿಲ್ಲದ್ದರಿಂದ ಯಜಮಾನರೇ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದರು. ಆಕೆ ಮಲಗಿಸಿ, ಹಳೆಯ ಹೊಲಿಗೆಯ ಉದ್ದಕ್ಕೂ ಬೆರಳಿಟ್ಟು ಕೆಮ್ಮಿಸಿದರು. ಒಳಗೆ ಹೊಲಿಗೆ ಹಾಕಿದ ಕಡೆ ಸಡಿಲವಾಗಿದೆ, ಹರ್ನಿಯಾ ಶುರುವಾಗುತ್ತಿದೆ ಎಂದರು.

“ಭಾರ ಎತ್ತಲೇಬೇಡಿ. ನೀರಿನ ಬಕೆಟ್ ಕೂಡ.”

“ಕಂಬ ಹತ್ತೋ ಕ್ಲಾಸಿಗೆ ಹೋಗ್ತಿದ್ದೆ ಮೇಡಂ. ಒಂದೇ ದಿನ ಹೋಗಿದ್ದೆ. ಸ್ವಲ್ಪ ದಿನ ಬಿಟ್ಟು ಹೋಗಬಹುದಾ?”

ಡಾಕ್ಟರಮ್ಮ ತಮಾಷೆ ಅಂದುಕೊಂಡು ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. “ಇಲ್ಲ ಸುಶೀಲಾ ಅವರೇ. ಅದು ಇನ್ನು ಬೇಡ. ಮೆಲ್ಲಗೆ ನಡೀರಿ, ಸಾಕು” ಎಂದರು. ಯಜಮಾನರಿಗೆ ಕಂಬದ ವಿಷಯ ಗೊತ್ತಾದದ್ದು ಆಗಲೇ. ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಅವರು ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ನನಗೆ ಬಿಟ್ಟುಕೊಟ್ಟು, ಕಡ್ಲೆಕಾಯಿ ಪೊಟ್ಟಣ ಕೈಗಿಟ್ಟು, “ಅಲ್ಲ ಕಣೆ, ನಂಗೊಂದು ಮಾತು ಹೇಳಬಾರ್ದಿತ್ತಾ?” ಎಂದಷ್ಟೇ ಕೇಳಿದರು. ಹೋಗಲೋ ಬೇಡವೋ ಎಂದು ಅಷ್ಟು ದಿನ ತಲೆ ಕೆಡಿಸಿಕೊಂಡಿದ್ದೆನಲ್ಲ, ನಾನು ಆಸ್ಪತ್ರೆಯಲ್ಲಿ ಕಿತ್ತಳೆ ಸುಲಿಯುತ್ತಿದ್ದಾಗಲೇ ಅದಕ್ಕೆ ಉತ್ತರ ಬರೆದಾಗಿತ್ತು. ದೇಚಮ್ಮನಿಗೆ ಫೋನು ಮಾಡಿ ಹೇಳಬೇಕಿತ್ತು, ಮಾಡಲಿಲ್ಲ. ಶಾರದಕ್ಕ ಕೇಳಿದಾಗ, “ಚೆನ್ನಾಗಿರಲಿಲ್ಲ ಅಕ್ಕ” ಎಂದು ಸುಳ್ಳು ಹೇಳಿದೆ.

ಆ ಶನಿವಾರ ಕಂಬ ಒತ್ತಿದ ಒಳತೊಡೆಯಲ್ಲಿ ಅಂಗೈಯಗಲ ನೀಲಿಗಟ್ಟಿತ್ತು. ಹೆರಿಗೆಯ ಗೆರೆಗಳು, ಹೊಟ್ಟೆಯ ಹೊಲಿಗೆ, ಇಂಜೆಕ್ಷನ್ನಿನ ಗಂಟು, ನನ್ನ ಮೈಮೇಲೆ ಗುರುತುಗಳಿಗೇನು ಕಡಿಮೆಯಿಲ್ಲ. ಆದರೆ ಬೇಕೆಂದು ನಾನೇ ಹೋಗಿ ಮಾಡಿಕೊಂಡು ಬಂದ ಗುರುತು ಅದೊಂದೇ. ಬೆಳಿಗ್ಗೆ ಪ್ರಾರ್ಥನೆಗೆ ಮಕ್ಕಳ ಮುಂದೆ ನಿಂತಾಗ ಸೀರೆಯೊಳಗೆ ಅದು ನೋಯುತ್ತಿತ್ತು. ಯಾರಿಗೂ ಗೊತ್ತಿಲ್ಲದ ಆ ನೋವು ಎಷ್ಟು ಚೆನ್ನಾಗಿತ್ತು! ಸ್ನಾನ ಮಾಡುವಾಗ ಬಗ್ಗಿ ನೋಡಿಕೊಳ್ಳುತ್ತಿದ್ದೆ. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು. ಮಾಸದಿರಲಿ ಎಂದು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಯಿಸಿಕೊಂಡೆ. ಮೈ ನನ್ನ ಮಾತು ಕೇಳಲಿಲ್ಲ, ತನ್ನ ಪಾಡಿಗೆ ತಾನು ವಾಸಿಯಾಗುತ್ತಾ ಹೋಯಿತು.

ಒಂದು ಬೆಳಿಗ್ಗೆ ಎಷ್ಟು ಹುಡುಕಿದರೂ ಆ ಗುರುತು ಕಾಣಲಿಲ್ಲ. ಬಚ್ಚಲ ಕಿಟಕಿಯ ಬೆಳಕಿಗೆ ಕಾಲು ತಿರುಗಿಸಿ ನೋಡಿದೆ. ಒತ್ತಿದೆ. ನೋವೂ ಇರಲಿಲ್ಲ. ನೀರು ಆರುತ್ತಿತ್ತು, ಸ್ಟೂಲಿನ ಮೇಲೆ ಹಾಗೇ ಕೂತೆ.

“ಸುಸೀಲಾ, ಆಯ್ತಾ?” ಬಾಗಿಲ ಆಚೆ ಯಜಮಾನರ ದನಿ. “ಬಕೆಟ್ ನೀನ್ ಎತ್ತಬ್ಯಾಡ ಕಣೆ, ಅಲ್ಲೇ ಬುಡು. ನಾನ್ ಬಂದು ಎತ್ತಿಡ್ತೀನಿ.”

ಬಕೆಟನ್ನು ಇದ್ದಲ್ಲೇ ಬಿಟ್ಟು, ಟವೆಲು ಸುತ್ತಿಕೊಂಡು ಬಾಗಿಲು ತೆಗೆದೆ.